ಗುಡುಗಣ್ಣನ ಮನೆ ಮುಂದೆ ಧರಣಿ

ಎಲ್ಲಕ್ಕೂ ಮೂಲ ಒಂದು ತಲೆದಿಂಬು.

ಹನ್ನೆರಡು ವರ್ಷದಿಂದ ಅದು ಗುಡುಗಣ್ಣನ ವಾದ್ಯತಂಡದ ದೊಡ್ಡ ಡ್ರಮ್ಮಿನ ಹೊಟ್ಟೆಯಲ್ಲಿ ತೆಪ್ಪಗೆ ಮಲಗಿತ್ತು. ಅಂಗಡಿ ಉದ್ಘಾಟನೆಗೆ ಕರೆದವರ ಕಿವಿಗೆ ನೋವಾಗದಿರಲಿ ಎಂದು ಡ್ರಮ್ ಬಾರಿಸುವ ಅವನ ಭಾವಮೈದನೇ ಅದನ್ನು ಒಳಗೆ ತುರುಕಿದ್ದ. ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಗುಡುಗಣ್ಣ ಅದನ್ನು ಕೈಯಾರೆ ಎಳೆದು ಹೊರಗೆ ಹಾಕಿದ. ತಂಡದ ಹಳೇ ದನಿ ಮರಳಿ ಬರಬೇಕಾದರೆ ಮೊದಲು ಈ ಮೆತ್ತಗಿನದು ತೊಲಗಬೇಕು ಎನ್ನುವುದು ಅವನ ವಾದ. ಭಾವಮೈದ ಕಾಲಿನಿಂದ ಡ್ರಮ್ಮಿನ ಪೆಡಲಿಗೆ ಒಂದೇ ಒಂದು ಪೆಟ್ಟು ಕೊಟ್ಟ. ಅಡುಗೆಮನೆಯ ಕಪಾಟಿನಿಂದ ಎರಡು ಲೋಟ ಉರುಳಿದವು. ಕೆಳಗಿನ ಮನೆಯಲ್ಲಿ ಯಾರೋ ಕಿಟಕಿ ಮುಚ್ಚಿದರು, ಎದುರು ಮನೆಯಲ್ಲಿ ಯಾರೋ ಕಿಟಕಿ ತೆರೆದರು.

ಗುಡುಗಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಮೂವತ್ತು ವರ್ಷದ ಹಿಂದೆ ಗಿರಣಿಯ ಗೇಟಿನ ಮುಂದೆ ಮೈಕು ಕೈಕೊಟ್ಟಾಗ, ಬರೀ ಗಂಟಲಿನಿಂದ ಎರಡು ಸಾವಿರ ಜನಕ್ಕೆ ಕೇಳುವಂತೆ ಹಾಡಿದ ಮೇಲೆ ಈ ಹೆಸರು ಅಂಟಿಕೊಂಡಿತು. ಆಗ ತಂಡಕ್ಕೆ ಬೇಕಿದ್ದದ್ದು ಒಂದು ಗಿಟಾರು, ಒಂದು ಡ್ರಮ್ಮು, ಅಜ್ಜಿಯರಿಂದ ಕಲಿತ ನಾಲ್ಕು ಧಾಟಿ, ಮತ್ತು ಎದುರಿಗೆ ಒಬ್ಬ ಯಜಮಾನ. ಎಲ್ಲಿ ಮುಷ್ಕರವೋ ಅಲ್ಲಿ ಇವರು. ಬರಬರುತ್ತ ಮುಷ್ಕರಗಳು ಕಡಿಮೆಯಾದವು, ಹಸಿವು ಕಡಿಮೆಯಾಗಲಿಲ್ಲ. ತಂಡಕ್ಕೆ ಕೀಬೋರ್ಡ್ ಬಂತು, ಹೊಳೆಯುವ ಕೋಟುಗಳು ಬಂದವು. ಗಿಟಾರ್ ನುಡಿಸುವ ಅಕ್ಕ ಹೊಲಿಗೆ ಅಂಗಡಿ ಇಟ್ಟಳು. ಗುಡುಗಣ್ಣ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಓದುವ ಕೆಲಸಕ್ಕೆ ಸೇರಿದ. ಇಪ್ಪತ್ತೆರಡು ವರ್ಷ, ದಿನಕ್ಕೆ ಎಂಟು ಗಂಟೆ, ತಡವಾದ ಬಸ್ಸುಗಳ ಪರವಾಗಿ ಪ್ರಯಾಣಿಕರ ಕ್ಷಮೆ ಕೇಳಿದ.

ನಿವೃತ್ತಿಯಾಗಿ ಎರಡು ತಿಂಗಳಿಗೆ ರೆಕಾರ್ಡಿಂಗ್ ಕಂಪನಿಯವನೊಬ್ಬನ ಫೋನು ಬಂತು. ಜನಕ್ಕೆ ಈಗಿನ ನಯವಾದ ಸಂಗೀತ ಸಾಕಾಗಿದೆಯಂತೆ. ಗಿರಣಿ ಗೇಟಿನ ಕಾಲದ ಆ ಒರಟು ದನಿ ಇನ್ನೂ ನಿಮ್ಮಲ್ಲಿ ಇದ್ದರೆ ಹನ್ನೆರಡು ಹಾಡು ಮಾಡೋಣ, ಭಾನುವಾರ ನಾಲ್ಕು ಗಂಟೆಗೆ ಬಂದು ಕೇಳುತ್ತೇನೆ, ಆ ದನಿ ಇಲ್ಲದಿದ್ದರೆ ಚಹಾ ಕುಡಿದು ಹೊರಟುಬಿಡುತ್ತೇನೆ ಎಂದ. ತಂಡ ಅಭ್ಯಾಸಕ್ಕೆ ಸೇರುತ್ತಿದ್ದ ಅಕ್ಕನ ಅಂಗಡಿಯ ತುಂಬ ಶಾಲಾ ಸಮವಸ್ತ್ರಗಳ ರಾಶಿ. ಹೀಗಾಗಿ ಅಭ್ಯಾಸ ಗುಡುಗಣ್ಣನ ಬಾಡಿಗೆ ಮನೆಗೆ, ಎರಡನೇ ಮಹಡಿಗೆ ಬಂತು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, ಚಪ್ಪಲಿ ಮೆಟ್ಟುತ್ತ, ದನಿ ಏರಿಸದೆ ಹೇಳಿದ್ದಳು: "ನಿಮ್ಮ ಗಲಾಟೆಯಿಂದ ಬಿಟ್ಟ ಮನೆ ನಾಲ್ಕು. ಇದು ಐದನೇದು. ಈ ಸಲ ಗಂಟುಮೂಟೆ ಕಟ್ಟೋ ಹಾಗಾದ್ರೆ ನಿಮ್ಮದೊಂದೇ ಗಂಟು ಕಟ್ಟೋದು. ನಾನು ಬರಲ್ಲ."

ಅವಳು ಸುಮ್ಮಸುಮ್ಮನೆ ಹೆದರಿಸುವವಳಲ್ಲ. ಅದು ಗುಡುಗಣ್ಣನಿಗೂ ಗೊತ್ತಿತ್ತು. ಒಂದೇ ದಿನ ತಾನೇ, ಸಂಜೆಯೊಳಗೆ ಮುಗಿದುಹೋಗುತ್ತದೆ ಎಂದುಕೊಂಡ.

ಅಭ್ಯಾಸ ಶುರುವಾಯಿತು. ಗಿರಣಿ ಗೇಟಿನ ಹಾಡನ್ನೇ ಎತ್ತಿಕೊಂಡರು.

*ಎದ್ದು ಹೋಗು, ಎದ್ದು ಹೋಗು, ಕುಂತ ದೊರೆಯೇ ಎದ್ದು ಹೋಗು,*
*ನೀನು ಕುಂತ ನೆಲದ ಕೆಳಗೆ ನಮ್ಮ ಬೆವರು ಇದೆ.*

ಡ್ರಮ್ಮು ಗುಡುಗಿತು. ಗುಡುಗಣ್ಣ ಮಾತ್ರ ಗುಡುಗಲಿಲ್ಲ. ಬಾಯಿ ತೆರೆದರೆ ಬೆಣ್ಣೆಯಂಥ ದನಿ ಹೊರಡುತ್ತಿತ್ತು. ದೊರೆ ಎದ್ದು ಹೋಗಬೇಕು ಎನ್ನುವ ಬದಲು, ದೊರೆ ಮೂರನೇ ಪ್ಲಾಟ್‌ಫಾರ್ಮಿನಿಂದ ಇನ್ನು ಸ್ವಲ್ಪ ಹೊತ್ತಿನಲ್ಲಿ ಹೊರಡಲಿದ್ದಾನೆ ಎಂದಂತಿತ್ತು. ಗಿಟಾರಿನ ಅಕ್ಕ ತಂತಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ಗುಡುಗಣ್ಣ, ಸಿಟ್ಟು ಮಾಡ್ಕೊಂಡು ಹಾಡಪ್ಪ. ಕೊನೇ ಸಾಲಿಗೆ ನೀನೆಲ್ಲಿ ವಂದನೆಗಳು ಅಂತೀಯೋ ಅಂತ ನನಗೆ ಭಯ ಆಯ್ತು."

ಸಿಟ್ಟು ಬರಲೆಂದು ಗುಡುಗಣ್ಣ ಕಣ್ಣು ಮುಚ್ಚಿ ಗಿರಣಿ ಯಜಮಾನನ ಮುಖವನ್ನು ನೆನೆದ. ಆದರೆ ಆ ಮನುಷ್ಯ ತೊಂಬತ್ತು ವರ್ಷ ಬದುಕಿ, ಹಾಸಿಗೆಯಲ್ಲಿ ಮಲಗಿದ್ದಲ್ಲೇ ನೆಮ್ಮದಿಯಾಗಿ ಸತ್ತುಹೋಗಿದ್ದ. ಗಿರಣಿಯ ಜಾಗದಲ್ಲಿ ದೊಡ್ಡ ಅಂಗಡಿ ಸಂಕೀರ್ಣ ಎದ್ದಿತ್ತು. ಅದರ ಉದ್ಘಾಟನೆಗೆ ನುಡಿಸಿದ್ದೂ ಇದೇ ತಂಡ. ನೆನೆದಷ್ಟೂ ಸಿಟ್ಟಿನ ಬದಲು ಸಂಕೋಚವೇ ಬಂತು.

ಹನ್ನೊಂದೂವರೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಎದುರು ಮನೆಯ ಪ್ರೆಸ್ಸಿನವನು. ರಾತ್ರಿಯೆಲ್ಲ ಪತ್ರಿಕೆ ಅಚ್ಚು ಮಾಡಿ ಹಗಲು ಮಲಗುವ ಆಸಾಮಿ, ಕಣ್ಣು ಕೆಂಡವಾಗಿತ್ತು. ಅವನ ಹಿಂದೆ ಮೇಲಿನ ಮಹಡಿಯ ಟ್ಯೂಷನ್ ಮೇಡಮ್ ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಇಳಿದು ಬಂದಿದ್ದರು. ಕೆಳಗಿನಿಂದ ಮನೆಯೊಡತಿ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಅವರ ಹಿಂದೆ ಇನ್ನೂ ಐದಾರು ಮನೆಯವರು. ಎಲ್ಲರೂ ಒಟ್ಟಿಗೆ ಮಾತಾಡಿದರು. ಒಬ್ಬರು ನಿದ್ದೆ ಎಂದರು, ಒಬ್ಬರು ಪರೀಕ್ಷೆ ಎಂದರು, ಮನೆಯೊಡತಿ ಗೋಡೆಯ ಬಿರುಕು ಎಂದರು, ಮತ್ಯಾರೋ ಇದೇ ಸಮಯ ಎಂದು ನೀರಿನ ಟ್ಯಾಂಕಿನ ವಿಷಯ ಎತ್ತಿದರು.

ಬುದ್ಧಿ ಇದ್ದವನಾಗಿದ್ದರೆ ಗುಡುಗಣ್ಣ ಕೈಮುಗಿದು, ದಿಂಬನ್ನು ಡ್ರಮ್ಮಿಗೆ ಮತ್ತೆ ತುರುಕಿ, ಬಾಗಿಲು ಹಾಕಿಕೊಳ್ಳಬೇಕಿತ್ತು. ಆದರೆ ಹುಟ್ಟುಗುಣ ಎಲ್ಲಿ ಹೋದೀತು? ವರ್ಷಗಟ್ಟಲೆ ಊರೂರಿನ ಮುಷ್ಕರ ಕಂಡವನಿಗೆ ಆ ಅಡ್ಡಾದಿಡ್ಡಿ ಪ್ರತಿಭಟನೆ ನೋಡಲಾಗಲಿಲ್ಲ. ಅವನು ಹೊಸ್ತಿಲ ಮೇಲೆ ನಿಂತು ಕೈಯೆತ್ತಿದ.

"ಹೀಗೆ ಒಬ್ಬೊಬ್ಬರು ಒಂದೊಂದು ಹೇಳಿದ್ರೆ ಯಾರೂ ಕೇಳಲ್ಲ. ಬೇಡಿಕೆ ಯಾವತ್ತೂ ಒಂದೇ ಇರ್ಬೇಕು, ಚಿಕ್ಕದಾಗಿರ್ಬೇಕು. ಎಲ್ಲರೂ ಸೇರಿ ತೀರ್ಮಾನ ಮಾಡ್ಕೊಂಡು ಬನ್ನಿ."

ಅವರು ಮೆಟ್ಟಿಲ ತಿರುವಿನಲ್ಲಿ ಗುಂಪುಗೂಡಿ ಗುಸುಗುಸು ನಡೆಸಿದರು. ಐದೇ ನಿಮಿಷದಲ್ಲಿ ತೀರ್ಮಾನವಾಯಿತು: ಮನೆ ಖಾಲಿ ಮಾಡಿ. ಗುಡುಗಣ್ಣನಿಗೆ ಹೆಂಡತಿಯ ಗಂಟಿನ ಮಾತು ನೆನಪಾಯಿತು. ಆದರೂ ಬೇಡಿಕೆ ಚುಟುಕಾಗಿದೆ, ಕೂಗುವುದಕ್ಕೂ ಚೆನ್ನಾಗಿದೆ ಎಂದು ಒಪ್ಪಿಕೊಳ್ಳದೆ ಇರಲಾಗಲಿಲ್ಲ. ಹಾಗೆಂದು ಹೇಳಿಯೂಬಿಟ್ಟ.

ಅವನು ಒಳಗೆ ಬಂದ ಮೇಲೆ ಘೋಷಣೆ ಶುರುವಾಯಿತು. ಸಪ್ಪೆಯೆಂದರೆ ಸಪ್ಪೆ. ಒಬ್ಬರ ಹಿಂದೆ ಒಬ್ಬರು, ತಾಳವಿಲ್ಲ, ಲಯವಿಲ್ಲ. ಹೊರಗಿನ ಚಪ್ಪಾಳೆ ಎಲ್ಲೆಲ್ಲೋ ಬಿದ್ದು ಒಳಗೆ ಭಾವಮೈದನ ಕಾಲು ತಪ್ಪತೊಡಗಿತು. ಹೀಗಾದರೆ ಅಭ್ಯಾಸ ನಡೆಯುವುದು ಹೇಗೆ ಎಂದು ಅವನು ಕೋಲು ಕೆಳಗಿಟ್ಟ. ಗುಡುಗಣ್ಣ ಮತ್ತೆ ಹೊರಗೆ ಹೋದ. ಅಭ್ಯಾಸ ಕೆಡಬಾರದೆಂದೇ ಹೋದದ್ದು, ಆಣೆ ಮಾಡಿ ಹೇಳಬಹುದು. ಚಪ್ಪಾಳೆ ಮಾತಿನ ಮೇಲಲ್ಲ, ಮಾತು ಮುಗಿದ ಮೇಲೆ ಬೀಳಬೇಕು ಎಂದು ತೋರಿಸಿಕೊಟ್ಟ. ಒಬ್ಬರು ಕೂಗಬೇಕು, ಉಳಿದವರು ಉತ್ತರ ಕೊಡಬೇಕು ಎಂದ. ಮಕ್ಕಳಿಗೆ ಮಗ್ಗಿ ಹೇಳಿಸಿ ಪಳಗಿದ್ದ ಟ್ಯೂಷನ್ ಮೇಡಮ್ಮಿನ ಗಂಟಲು ಕಂಚಿನ ಹಾಗಿತ್ತು, ಅವರನ್ನೇ ಮುಂದಾಳು ಮಾಡಿದ. ನಿಂತರೆ ಬೇಗ ಸುಸ್ತಾಗಿ ಮನೆಗೆ ಹೋಗುತ್ತೀರಿ, ಮೆಟ್ಟಿಲ ಮೇಲೆ ಯಾರೂ ದಾಟದ ಹಾಗೆ ಕೂತುಬಿಡಿ ಎಂದ. ಮನೆಯೊಡತಿ ಮಂಡಿನೋವಿನ ಮಾತೆತ್ತಿದಾಗ ಒಳಗಿನಿಂದ ತನ್ನದೇ ಕುರ್ಚಿ ತಂದು ಹಾಕಿದ. ಒಂದು ಕೊಡ ನೀರನ್ನೂ ಇಟ್ಟ.

ಒಂದು ಗಂಟೆಯ ಹೊತ್ತಿಗೆ ಘೋಷಣೆ ಸೊರಗಿತು. ಪ್ರೆಸ್ಸಿನವನು ಗೋಡೆಗೊರಗಿ ತೂಕಡಿಸುತ್ತಿದ್ದ. ನಾಲ್ಕು ಜನ ಊಟದ ನೆಪ ಹೇಳಿ ಏಳುವುದರಲ್ಲಿದ್ದರು. ಗುಡುಗಣ್ಣ ಬಾಗಿಲ ಸಂದಿಯಿಂದ ಇಣುಕಿ ನೋಡಿದ. ಎಷ್ಟು ಮುಷ್ಕರ ಹೀಗೆಯೇ ಊಟದ ಹೊತ್ತಿಗೆ ಸತ್ತದ್ದನ್ನು ಕಂಡಿದ್ದನೋ. ಬರೀ ಘೋಷಣೆ ಒಂದು ಗಂಟೆಗಿಂತ ಹೆಚ್ಚು ಬಾಳುವುದಿಲ್ಲ, ಹಾಡು ಬೇಕು. ಅವನು ಮೇಜಿನ ಮುಂದೆ ಕೂತು, ಗಿರಣಿ ಗೇಟಿನ ಹಾಡನ್ನು ದುಂಡಗೆ ಬರೆದು ಆರು ಪ್ರತಿ ಮಾಡಿದ. ಮೂರನೇ ನುಡಿ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ, ಅಲ್ಲಿ ಜಾಗ ಬಿಟ್ಟ. ಕಾಗದ ಹಿಡಿದು ಹೊರಟವನ ತೋಳನ್ನು ಭಾವಮೈದ ಹಿಡಿದುಕೊಂಡ.

"ಭಾವ, ನೀವು ಯಾರ ಕಡೆ?"

ಜನ ಕೂತಿದ್ದಾರೆ, ಅವರಿಗೆ ಹಾಡಿಲ್ಲ ಎಂದಷ್ಟೇ ಹೇಳಿ ಗುಡುಗಣ್ಣ ತೋಳು ಬಿಡಿಸಿಕೊಂಡ.

ಎರಡು ಸಲ ಹೇಳಿಕೊಟ್ಟಿದ್ದೇ ತಡ, ಅವರು ಹಿಡಿದುಕೊಂಡರು. ಟ್ಯೂಷನ್ ಮೇಡಮ್ ಎತ್ತಿದರು, ಮೆಟ್ಟಿಲ ಮೇಲಿನವರೆಲ್ಲ ಉತ್ತರ ಕೊಟ್ಟರು. ನಿದ್ದೆಗೆಟ್ಟ ಪ್ರೆಸ್ಸಿನವನ ದನಿ ಬಾವಿಯ ತಳದಿಂದ ಬಂದಂತೆ ಬಂತು. ಗಂಟೆ ಎರಡಾಯಿತು, ಮೂರಾಯಿತು, ಒಬ್ಬರೂ ಏಳಲಿಲ್ಲ. ಅಕ್ಕಪಕ್ಕದ ಕಟ್ಟಡದವರೂ ಬಂದು ಕೆಳಗಿನ ಮೆಟ್ಟಿಲು ಹಿಡಿದರು.

ನಾಲ್ಕಕ್ಕೆ ರೆಕಾರ್ಡಿಂಗ್ ಕಂಪನಿಯವನು ಬಂದ. ಮೇಲೆ ಹತ್ತಲು ದಾರಿ ಇರಲಿಲ್ಲ, ಗುಡುಗಣ್ಣ ಅಷ್ಟು ಅಚ್ಚುಕಟ್ಟಾಗಿ ಕೂರಿಸಿದ್ದ. ಅವನು ಮೊದಲ ತಿರುವಿನಲ್ಲೇ ನಿಂತ. ಒಂದು ನುಡಿ ಕೇಳಿದ, ಎರಡು ನುಡಿ ಕೇಳಿದ, ಚೀಲ ಕೆಳಗಿಟ್ಟು ಅವಸರದಲ್ಲಿ ಮೈಕು ತೆಗೆದ. ಮೇಲೆ ಗಿಟಾರಿನ ಅಕ್ಕನ ಮುಖವೂ ಬದಲಾಗಿತ್ತು. ಅವಳು ಗಿಟಾರ್ ಹೆಗಲಿಗೇರಿಸಿ, ಬಾಗಿಲು ತೆರೆದು, ಮನೆಯೊಡತಿಯ ಕುರ್ಚಿಯ ಪಕ್ಕ ಹೋಗಿ ಕೂತಳು. ಭಾವಮೈದ ಡ್ರಮ್ಮನ್ನು ಹೊಸ್ತಿಲಿನವರೆಗೆ ಎಳೆದುಕೊಂಡು ಹೋದ. ಮುಂದಿನ ಪಲ್ಲವಿಗೆ ಇಡೀ ಕಟ್ಟಡ ನಡುಗಿತು.

ಗುಡುಗಣ್ಣ ಖಾಲಿ ಕೋಣೆಯಲ್ಲಿ ನಿಂತು ಕೇಳಿದ. ಅದೇ ದನಿ. ಮೂವತ್ತು ವರ್ಷದ ಹಿಂದಿನ ಧೂಳು, ಬಿಸಿಲು, ಒಣಗಿದ ಗಂಟಲು ಎಲ್ಲ ಅದರಲ್ಲಿತ್ತು. ಅವನ ಕಣ್ಣಲ್ಲಿ ನೀರು ಬಂತು. ಆ ದನಿ ತನ್ನ ಗಂಟಲಲ್ಲಿ ಎಂದೂ ಇರಲಿಲ್ಲ, ಎದುರಿಗಿದ್ದ ಜನರ ಹೊಟ್ಟೆಯೊಳಗಿತ್ತು, ತಾನು ಬರೀ ಬಾಯಿ ಕೊಟ್ಟಿದ್ದಷ್ಟೇ ಎಂದು ಅವನಿಗೆ ಆಗ ತಿಳಿಯಿತು. ತುಂಬ ತಡವಾಗಿ ತಿಳಿಯಿತು. ಅವನೂ ಬಾಗಿಲಿಗೆ ಬಂದು ದನಿ ಸೇರಿಸಿದ. ಕೆಳಗಿನಿಂದ ರೆಕಾರ್ಡಿಂಗ್‌ನವನು ಬೇಡ ಎಂದು ಕೈ ಆಡಿಸಿದ. ಪ್ರೆಸ್ಸಿನವನು ತಿರುಗಿ, ಇದು ನಿಮ್ಮ ವಿರುದ್ಧದ ಹಾಡು, ನೀವು ಹಾಡಿದ್ರೆ ಹೇಗೆ ಎಂದು ಗದರಿದ.

ಆರು ಗಂಟೆಗೆ ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಮೆಟ್ಟಿಲ ತುಂಬ ಜನ. ಏನು, ಏಕೆ ಎಂದು ಯಾರನ್ನೂ ಕೇಳಲಿಲ್ಲ. ನಾಲ್ಕು ಮನೆ ಬಿಟ್ಟವಳಿಗೆ ವಿವರಣೆ ಬೇಕಿರಲಿಲ್ಲ. ಊದಿಕೊಂಡ ಕಾಲಿನಿಂದ ಚಪ್ಪಲಿ ಕಳಚಿ, ಸಿಕ್ಕಿದ ಒಂದು ಮೆಟ್ಟಿಲ ಮೇಲೆ ಕೂತಳು. ಎರಡನೇ ನುಡಿ ಮುಗಿದು ಎಲ್ಲರೂ ಕಾಗದದ ಖಾಲಿ ಜಾಗ ನೋಡುತ್ತ ತಡವರಿಸಿದರು. ಆಗ ಅವಳು ತಲೆಯೆತ್ತಿ, ಬಾಗಿಲಲ್ಲಿ ನಿಂತ ಗಂಡನನ್ನೇ ನೋಡುತ್ತ, ಒಬ್ಬಳೇ ಹಾಡಿದಳು.

*ನಿನ್ನ ಮಾತಿನ ಸಿಹಿಯನುಂಡು ಹೊಟ್ಟೆ ತುಂಬಲಿಲ್ಲ,*
*ನಾಳೆ ನಾಳೆ ಎಂದೆ ನೀನು, ನಾಳೆ ಬರಲೇ ಇಲ್ಲ.*

ಅವಳೂ ಆ ದಿನ ಗಿರಣಿ ಗೇಟಿನಲ್ಲಿದ್ದಳು. ಮೊದಲ ಸಾಲಿನಲ್ಲಿ ಕೂತಿದ್ದಳು. ಅದನ್ನು ಗುಡುಗಣ್ಣ ನುಡಿಯ ಜೊತೆಗೇ ಮರೆತಿದ್ದ. ಟ್ಯೂಷನ್ ಮೇಡಮ್ ಸೆರಗಿನಿಂದ ಕಣ್ಣೊರಸಿಕೊಂಡರು. ಆಮೇಲೆ ಎದ್ದ ಪಲ್ಲವಿ ಅದುವರೆಗಿನ ಎಲ್ಲ ಪಲ್ಲವಿಗಳನ್ನೂ ಮೀರಿಸಿತು.

ಹಾಡು ನಿಂತ ಮೇಲೆ ಮನೆಯೊಡತಿ ತೀರ್ಪು ಕೊಟ್ಟರು. ತಮ್ಮ ಮಂಡಿಗೆ ಸೂಜಿಮದ್ದು ಕೊಡುವ ಈ ಹೆಣ್ಣುಮಗಳ ಮೇಲೆ ಯಾರ ದೂರೂ ಇಲ್ಲ, ಅವಳು ಎಷ್ಟು ವರ್ಷ ಬೇಕಾದರೂ ಇರಲಿ, ಗಂಡ ಇವತ್ತೇ ಹೋಗಲಿ ಎಂದರು. ಹೆಂಡತಿ ಒಳಗೆ ಹೋಗಿ, ಒಂದೇ ಒಂದು ಗಂಟು ಕಟ್ಟಿ ತಂದಳು. ಗಂಟು ಕೈಗೆ ಕೊಡುವಾಗ, ರಕ್ತದೊತ್ತಡದ ಮಾತ್ರೆ ಮೇಲೇ ಇಟ್ಟಿದ್ದೀನಿ, ಮರೀಬೇಡಿ ಎಂದಳು. ಅಷ್ಟು ಮೆದುವಾಗಿ ಅವಳು ಮಾತಾಡಿ ಎಷ್ಟೋ ವರ್ಷವಾಗಿತ್ತು. ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ತಂಡ ಹುಟ್ಟಿದಂದಿನಿಂದ ಅವರು ಕೂತ ಧರಣಿಗಳಿಗೆ ಲೆಕ್ಕವಿಲ್ಲ. ಗಿರಣಿ ಯಜಮಾನ ಏಳಲಿಲ್ಲ, ಕಾರ್ಖಾನೆಯವನು ಜಗ್ಗಲಿಲ್ಲ, ಒಬ್ಬನೇ ಒಬ್ಬ ಅಧಿಕಾರಿ ಕುರ್ಚಿ ಬಿಟ್ಟು ಹೋಗಲಿಲ್ಲ. ಬೇಡಿಕೆ ಪೂರ್ತಿಯಾಗಿ ಈಡೇರಿದ್ದು ಇದೇ ಮೊದಲು. ಜನ ಸರಿದು ದಾರಿ ಬಿಟ್ಟರು. ಕೆಲವರು ಗುಡುಗಣ್ಣನ ಬೆನ್ನು ತಟ್ಟಿ, ನೀವು ಹೇಳಿಕೊಟ್ಟಿದ್ದರಿಂದಲೇ ಆಯ್ತು ಎಂದು ಮನಸಾರೆ ಕೃತಜ್ಞತೆ ಹೇಳಿದರು. ಗಿಟಾರಿನ ಅಕ್ಕ, ಭಾವಮೈದ ಇಬ್ಬರೂ ಟ್ಯೂಷನ್ ಮೇಡಮ್ಮಿನ ಜೊತೆ ನಾಳೆಯ ಶ್ರುತಿಯ ವಿಷಯ ಮಾತಾಡುತ್ತಿದ್ದರು.

ಗೇಟಿನ ಹತ್ತಿರ ರೆಕಾರ್ಡಿಂಗ್‌ನವನು ತಂತಿ ಸುತ್ತುತ್ತಿದ್ದ. ಇವನನ್ನು ಕಂಡು ಎದ್ದು ನಿಂತ.

"ನಾಳೆ ಹತ್ತಕ್ಕೆ ಸ್ಟುಡಿಯೋದಲ್ಲಿ ಉಳಿದ ಹನ್ನೊಂದು ಹಾಡು. ಎಲ್ಲರೂ ಬರ್ತಿದ್ದಾರೆ, ನಿಮ್ಮ ಮನೆಯವರೂ ಸೇರಿ. ನೀವು ಮಾತ್ರ ಬರಲೇಬೇಕು. ನೀವಿಲ್ಲದೆ ಆಗೋದೇ ಇಲ್ಲ."

ಗುಡುಗಣ್ಣನಿಗೆ ಹೋದ ಜೀವ ಬಂದಂತಾಯಿತು. ಯಾವ ಯಾವ ನುಡಿ ನನ್ನದು ಎಂದು ಕೇಳಿದ.

"ಹಾಡೋದಕ್ಕಲ್ಲ," ಎಂದ ಅವನು. "ಗಾಜಿನ ಆಚೆ, ಅವರಿಗೆಲ್ಲ ಚೆನ್ನಾಗಿ ಕಾಣೋ ಕಡೆ ಒಂದು ಕುರ್ಚಿ ಹಾಕಿಸ್ತೀನಿ. ನೀವು ಸುಮ್ಮನೆ ಕೂತಿದ್ರೆ ಸಾಕು. ನಿಮ್ಮ ಮುಖ ನೋಡದೆ ಅವರಿಗೆ ಆ ದನಿ ಬರಲ್ಲ."

ಗುಡುಗಣ್ಣ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಮೇಲೆ ಅವನ ಮನೆಯಲ್ಲಿ ದೀಪ ಹತ್ತಿತು, ಹೆಂಡತಿ ಮೂರನೇ ನುಡಿಯನ್ನು ಮತ್ತೊಮ್ಮೆ ಹಾಡಿ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಕುರ್ಚಿಗೆ ಕೈ ಇರುತ್ತದೆಯೋ ಇಲ್ಲವೋ, ಇಡೀ ದಿನ ಕೂರಬೇಕಲ್ಲ ಎಂದು ಅವನು ವಿಚಾರಿಸಿದ.