ಮಾವನ ಹಗ್ಗ, ಅತ್ತೆಯ ಷರತ್ತು

ತಾವರೆಕೆರೆಯ ನಮ್ಮ ಸೋದರಮಾವನ ಮನೆಯಲ್ಲಿ ಕಟ್ಟಿಸಿಕೊಳ್ಳದೆ ಉಳಿದದ್ದು ಗಾಳಿ ಒಂದೇ! ಅದೂ ಕೈಗೆ ಸಿಗುವುದಿಲ್ಲ ಎಂಬ ಕಾರಣಕ್ಕೆ. ಗೇಟು, ಬಕೆಟ್ಟು, ಟಿ.ವಿ. ರಿಮೋಟು, ಕೊನೆಗೆ ಸೋಪಿನ ಡಬ್ಬಿಗೂ ಒಂದು ಗಂಟು. ಡ್ರಿಲ್ ಮೇಷ್ಟ್ರಾಗಿ ಮೂವತ್ತು ವರ್ಷ ಮಕ್ಕಳಿಗೆ ಗಂಟು ಹಾಕುವುದನ್ನು ಕಲಿಸಿದ ಕೈ, ನಿವೃತ್ತಿಯಾದ ಮೇಲೆ ಸುಮ್ಮನಿರುತ್ತದೆಯೇ? ಅವರು ತೀರಿಕೊಂಡು ಎರಡು ವರ್ಷವಾಯಿತು. ಎಲ್ಲಾದರೂ ಹಗ್ಗದ ಸುರುಳಿ ಕಂಡರೆ ನನಗೆ ಇವತ್ತಿಗೂ ಮೊದಲು ಬರುವುದು ನಗು.

ಒಮ್ಮೆ ಕೊರಟಗೆರೆಯಲ್ಲಿ ಮದುವೆ ಮುಗಿಸಿ ಇಬ್ಬರೂ ಮಧುಗಿರಿಗೆ ಹೊರಟಿದ್ದೆವು. ಕಳ್ಳರ ಭಯವೆಂದು ಮಾವ ನನ್ನ ಬ್ಯಾಗನ್ನು ಬಸ್ಸಿನ ಸೀಟಿನ ಕಾಲಿಗೆ ಕಟ್ಟಿದರು. ಮಧುಗಿರಿ ಬಂತು, ಗಂಟು ಬಿಚ್ಚಲಿಲ್ಲ. "ಇಳೀರಿ ಮೇಷ್ಟ್ರೇ" ಎಂದು ಕಂಡಕ್ಟರ್ ಕೂಗಿದ. "ನಾವ್ ಇಳೀತೀವಿ ಕಣಪ್ಪ, ಬ್ಯಾಗು ಒಪ್ತಿಲ್ಲ!" ಅಂದರು ಮಾವ. ಹೀಗೆ ಇಬ್ಬರೂ ಪಾವಗಡ ನೋಡಿ ಬಂದೆವು! ಅಲ್ಲಿ ಹೂ ಮಾರುವ ಅಜ್ಜಿಯೊಬ್ಬಳು ಹತ್ತಿ ಬಂದು, ಹೇರ್‌ಪಿನ್ನಿನಿಂದ ಕ್ಷಣದಲ್ಲಿ ಗಂಟು ಸಡಿಲಿಸಿ, ತೆಲುಗಿನಲ್ಲಿ "ಮುಡಿ ಏಸೇದಿ ಕಾದು ಸಾಮೀ, ಇಪ್ಪೇದಿ ನೇರ್ಸುಕೋ" ಎಂದಳು. ಹಾಕುವುದಲ್ಲ, ಬಿಚ್ಚುವುದನ್ನು ಕಲಿ ಎಂದು!

ಇಂಥ ಮಾವನ ಕೈಗೆ ಸ್ಮಾರ್ಟ್‌ಫೋನ್ ಬಂತು. ಫೋನಿನೊಳಗೆ ಜಪಾನ್ ಇತ್ತು.

"ನೋಡಮ್ಮ ಇಲ್ಲಿ, ಜಪಾನ್‌ನೋರು ಮನುಷ್ಯರನ್ನೇ ಕಟ್ತಾರೆ! ಚಾಪೆ ಮ್ಯಾಲೆ ಕೂರ್‍ಸಿ, ಸೆಣಬಿನ ಹಗ್ಗದಾಗೆ. ಕಲೆ ಅಂತೆ ಕಣಮ್ಮ!"

ನೋಡಿದೆ. ಒಬ್ಬ ಕಟ್ಟುತ್ತಿದ್ದ, ಒಬ್ಬಳು ಕಣ್ಣು ಮುಚ್ಚಿ ಕಟ್ಟಿಸಿಕೊಳ್ಳುತ್ತಿದ್ದಳು. ಅದು ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಆಡುವ ಆಟ ಎಂದು ಸೋದರಮಾವನಿಗೆ ಹೇಗೆ ಹೇಳಲಿ? ಕೆಮ್ಮಿದೆ. ಮಾವನ ಕಿವಿಯೂ ಕೆಂಪಗಿತ್ತು ಅನ್ನಿ, ಅವರಿಗೆ ತಿಳಿಯದ್ದೇನೂ ಅಲ್ಲ!

ಮೊದಲ ಪ್ರಯೋಗ ತಮ್ಮ ಮೇಲೆಯೇ. ಅತ್ತೆ ಶಿರಾ ಸಂತೆಗೆ ಹೋಗಿದ್ದಾಗ ನಡುಮನೆಯ ನೆಲದ ಮೇಲೆ ಕೂತು ಸುತ್ತಿಕೊಂಡರು. ಸುತ್ತುವುದು ಬಂತು, ಬಿಚ್ಚುವುದು ಬರಲಿಲ್ಲ. ಸಿಲಿಂಡರ್ ತಂದವನು ಬಾಗಿಲಲ್ಲೇ ಹೌಹಾರಿದ.

"ಯಾ ಅಲ್ಲಾ! ಕಳ್ಳರು ಬಂದಿದ್ರಾ ಸಾಬ್?"

"ಇಲ್ಲ ಕಣಪ್ಪ, ನಾನೇ!"

ಆಮೇಲೆ ಮಾವನ ಕಣ್ಣು ಅತ್ತೆಯ ಮೇಲೆ ಬಿತ್ತು. "ನಾನೇನ್ ಎಮ್ಮೇನಾ?" ಎಂದು ಅತ್ತೆ ತಿಂಗಳುಗಟ್ಟಲೆ ಬೈದರು. ಮಾವ ಬಿಡಲಿಲ್ಲ. ಹಗ್ಗವನ್ನು ಬಿಸಿನೀರಿನಲ್ಲಿ ಅದ್ದಿದರು, ಒಣಗಿಸಿದರು, ಎಣ್ಣೆ ಸವರಿ ರೇಷ್ಮೆಯಂತೆ ಮಾಡಿದರು. ಕೊನೆಗೊಂದು ಭಾನುವಾರ ಅತ್ತೆ ನನ್ನೆದುರೇ ಷರತ್ತು ಹಾಕಿದರು.

"ನೋಡಿ, 'ಬುಡಿ, ಬುಡಿ' ಅಂತ ಮೂವತ್ತಾರು ವರ್ಷ ಮರ್ವಾದೆ ಕೊಟ್ಟು ಹೇಳಿದೀನಿ. ನಿಮ್ ಕಿವೀಗೆ ಬಿದ್ದಿಲ್ಲ. ಇವತ್ತು 'ಬುಡು' ಅಂತೀನಿ. ಅಂದ ತಕ್ಷಣ ಬುಟ್ಬುಡ್ಬೇಕು."

ಗಂಡನಿಗೆ ಏಕವಚನ! ಮಾವ ಒಪ್ಪಿ ತಲೆಯಾಡಿಸಿದರು.

ಚಾಪೆ ಹಾಸಿದರು. ಫೋನು ನೋಡುತ್ತಾ ಕಟ್ಟಲು ಹೊರಟು ಎರಡನೇ ಸುತ್ತಿನಲ್ಲೇ ದಾರಿ ತಪ್ಪಿ, ಫೋನನ್ನು ಬೋರಲು ಹಾಕಿದರು. "ನೋಡ್ಕಂಡು ಕಟ್ಟೋದಲ್ಲ ಕಣಮ್ಮ ಇದು. ಸಂಗೀತದೋರ ಮನೋಧರ್ಮ ಇದ್ದಂಗೆ, ಕೈ ಹೋದಂಗೆ ಹೋಗ್ಬೇಕು!" ಭುಜದ ಮೇಲಿಂದ ಬೆನ್ನಿಗೆ, ಬೆನ್ನಿನಿಂದ ತೋಳಿಗೆ ಹಗ್ಗ ಹರಿಯಿತು. ಅರ್ಧ ಗಂಟೆಯಲ್ಲಿ ಬೆನ್ನ ಮೇಲೊಂದು ಚಂದದ ಜಡೆ ಮೂಡಿತು.

"ಬುಡು," ಎಂದರು ಅತ್ತೆ.

ಮಾವ ತಕ್ಷಣ ಬಿಚ್ಚಿದರು. ಮತ್ತೆ ಕಟ್ಟಿದರು. ಈ ಸಲ ವಜ್ರದಾಕಾರ. ಕೊನೆಯ ಗಂಟು ಬೀಳುವಷ್ಟರಲ್ಲಿ, "ಬುಡು." ಬಿಚ್ಚಿದರು. ಮೂರನೆಯದೂ ಹಾಗೇ! ಮಾವನ ಹಣೆಯಲ್ಲಿ ಬೆವರು; ಅತ್ತೆಯ ತುಟಿಯಂಚಿನಲ್ಲಿ ನಗು. ಮಾವ ನೀರು ಕುಡಿಯಲು ಒಳಗೆ ಹೋದಾಗ ನಾನು ಪಿಸುಗುಟ್ಟಿದೆ: "ಯಾಕತ್ತೆ, ಪಾಪ, ಹಿಂಗೆ ಸತಾಯಿಸ್ತೀರ?"

ಅತ್ತೆ ಮಣಿಕಟ್ಟು ಸವರಿಕೊಳ್ಳುತ್ತಾ ಅಂದರು: "ಈ ಮನೇಗೆ ಬಂದಾಗ ನಂಗೆ ಹದಿನೆಂಟು ಕಣಮ್ಮ. ಬ್ಯಾಡ ಅಂದಿದ್ದು ಎಷ್ಟೋ, ಈಗ್ಲೇ ಬ್ಯಾಡ ಅಂದಿದ್ದು ಎಷ್ಟೋ. ಯಾರೂ ನಿಲ್ಲುಸ್ಲಿಲ್ಲ, ಇವರೂ ನಿಲ್ಲುಸ್ಲಿಲ್ಲ. ಈಗ ನನ್ನ ಒಂದ್ ಮಾತಿಗೆ ಆ ಕೈ ನಿಲ್ತೈತಲ್ಲ... ಇನ್ನೊಂದ್ಸಲ ನೋಡಾನ ಅನ್ನುಸ್ತೈತೆ."

ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದ ಮಾವ ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. ಬಂದು ಅತ್ತೆಗೆ ನೀರು ಕೊಟ್ಟರು. ಕುಡಿದಾದ ಮೇಲೆ ಚಾಪೆಯ ಮೇಲೆ ಮಂಡಿಯೂರಿ, ಹಗ್ಗ ಮುಟ್ಟದೆ ಕೇಳಿದರು: "ಕಟ್ಲಾ?"

ಅತ್ತೆ ಅವರ ಮುಖ ನೋಡಿ, "ಹ್ಞೂಂ" ಎಂದರು.

ನಾಲ್ಕನೆಯ ಸಲ ಮಾವ ತುಂಬ ಸಡಿಲವಾಗಿ, ಮಗುವಿಗೆ ಹೊದಿಸಿದಂತೆ ಸುತ್ತಿದರು. ನಾನು ಆ ಮಾತಿಗಾಗಿ ಕಾದೆ. ಬರಲಿಲ್ಲ. ಅತ್ತೆ ಮೆಲ್ಲಗೆ ಮಾವನ ಹೆಗಲಿಗೊರಗಿದರು. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿಸಿತು.

ನಾನು ನಕ್ಕುಬಿಟ್ಟೆ. ಮಾವ ನಗಲಿಲ್ಲ. ಹಗ್ಗದ ತುದಿ ಹಿಡಿದಿದ್ದ ಕೈ ಅಲುಗದಂತೆ ಕೂತು, ಕಣ್ಣು ತುಂಬಿಕೊಂಡು ಪಿಸುಗುಟ್ಟಿದರು:

"ಸದ್ದು ಮಾಡ್ಬ್ಯಾಡಮ್ಮ. ನನ್ನ ನಂಬ್ಕಂಡು ಮಲಗವ್ಳೆ."