ಮಾಮಾ, ಆಡು ಹೆಂಗದಾವ್ರಿ?

ಜಹೀರಾಬಾದಿನಲ್ಲಿ ನರ್ಸ್ ಆಗಿರುವ ನಮ್ಮ ಚಿಗವ್ವನ ಹಾಗೆ ರೋಗಿಗಳ ಜೊತೆ ಜಗಳ ತೆಗೆಯುವವರನ್ನು ನೀವೆಲ್ಲೂ ನೋಡಿರಲಿಕ್ಕಿಲ್ಲ! ಬೇರೆ ನರ್ಸುಗಳು ಬಿ.ಪಿ. ನೋಡಿ ಬರುತ್ತಾರೆ, ಈಕೆ ಏರಿಸಿ ಬರುತ್ತಾಳೆ ಎಂದು ಆಕೆಯ ಅಕ್ಕ, ಅಂದರೆ ನಮ್ಮವ್ವನ ದೂರು.

ಹಾರ್ಟ್ ಅಟ್ಯಾಕ್ ಆಗಿ ಬದುಕಿಕೊಂಡ ಕೆಲವರು ಊಟ, ಮಾತು ಎರಡೂ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಅಂಥವರೇ ಈಕೆಗೆ ಬೇಕು. ತಾಂಡೂರಿನ ಬೇಳೆ ವ್ಯಾಪಾರಿಯೊಬ್ಬ ತುಟಿ ಬಿಚ್ಚಲೊಲ್ಲ. "ಸೇಠ್‌ಜಿ, ನಿಮ್ಮೂರ ತೊಗರಿಬ್ಯಾಳಿ ಎಷ್ಟ್ ಕುದಿಸಿದ್ರೂ ಬೇಯಂಗಿಲ್ಲಂತ, ಖರೇ ಏನ್ರಿ?" ಎಂದಳು. ಪುಣ್ಯಾತ್ಮ ಎದ್ದು ಕೂತು ದೊಡ್ಡ ಭಾಷಣ ಮಾಡಿ, ಗಂಟಲು ಒಣಗಿತೆಂದು ಗಂಜಿ ಕೇಳಿದ!

ಆಮೇಲೆ ಹಾರ್ಟ್ ಅಟ್ಯಾಕ್ ಆಗಿ ಆಕೆಯ ವಾರ್ಡಿಗೆ ನಮ್ಮಪ್ಪನೇ ಬಂದ. ನಾಗಲಗಿದ್ದದ ಕಡೆ ಕುರಿ ಕಾಯುವ ಮನೆತನ ನಮ್ಮದು. ಎದೆನೋವು ಇಳಿಯಿತು, ಅಪ್ಪ ಮಾತ್ರ ಏಳಲಿಲ್ಲ. ಇನ್ನು ಉಳಿಯುವ ಮನಸ್ಸೇ ಇಲ್ಲದವನ ಹಾಗೆ ಗುಳಿಗೆಯನ್ನೂ ಉಗುಳುತ್ತಿದ್ದ.

"ಏನ್ ಹಠ ಇದು!" ಎಂದು ಅವ್ವ ಅತ್ತಳು.

"ಹಠ ಅಲ್ಲಕ್ಕಾ, ಇದೂ ಜಡ್ಡೇ. ಎದಿಗಿ ಪೆಟ್ಟು ಬಿದ್ರ ಮನಸಿಗೂ ಬೀಳ್ತದ. ಡಾಕ್ಟರಿಗಿ ಹೇಳೀನಿ, ಔಷಧ ಸುರು ಮಾಡ್ಯಾರ" ಎಂದ ಚಿಗವ್ವ, ಅಪ್ಪನ ಹಾಸಿಗೆಯ ಬಳಿ ನಿಂತು, "ಮಾಮಾ, ನಿಮ್ಮ ಆಡು ಹೆಂಗದಾವ್ರಿ?" ಎಂದಳು.

ಅಯ್ಯೋ ಶಿವನೇ! ಕುರಿಯವರ ಮುಂದೆ ಕುರಿಗೆ ಆಡು ಅನ್ನುವುದೇ? ಅದೂ ಕುರಿಮಂದೆಯಲ್ಲೇ ಬೆಳೆದ ಹೆಣ್ಣು!

ಅಪ್ಪ ಹೊದಿಕೆಯನ್ನು ತಲೆ ಮೇಲೆ ಎಳೆದುಕೊಂಡ. ದಿನಾ ಬೆನ್ನು ಒರೆಸುವಾಗ, ಗುಳಿಗೆ ಕೊಡುವಾಗ ಅದೇ ಪ್ರಶ್ನೆ. ಒಂದು ಬೆಳಿಗ್ಗೆ, "ಮಾಮಾ, ನಿಮ್ಮ ಆಡಿನ ಉಣ್ಣೆ ಕತ್ತರಿಸಾಕ ಯಾರ್ ಬರ್ತಾರ್ರಿ?" ಎಂದಳು.

ಗೋಡೆ ಕಡೆಯಿಂದ ಗುಡುಗು ಬಂತು: "ಆಡಿಗಿ ಎಲ್ಲಿ ಉಣ್ಣೆ ಇರ್ತದ ಹುಚ್ಚಿ? ಕುರಿ ಅವು, ಕುರಿ!"

ವಾರ್ಡೆಲ್ಲ ನಕ್ಕಿತು. ಚಿಗವ್ವ ನಗಲಿಲ್ಲ. ಹೊರಗೆ ಓಡಿಹೋಗಿ, ಸೆರಗು ಬಾಯಿಗೆ ಒತ್ತಿಕೊಂಡು, ಹಿಂದೆಯೇ ಹೋದ ನನಗೆ, "ಬೈದ್ರೋ ತಮ್ಮಾ, ಮಾಮಾ ನನಗ ಬೈದ್ರು!" ಎಂದು ಬಿಕ್ಕಿಬಿಕ್ಕಿ ಅತ್ತಳು.

ಈಗ ಅಪ್ಪ ಬೆಳಿಗ್ಗೆ ಮಂದೆಯ ಹಿಂದೆ ನಿಧಾನ ನಡೆಯುತ್ತಾನೆ. ಮೊನ್ನೆ ಚಿಗವ್ವನ ಫೋನು ಬಂತು, ಅದೇ ಹಳೇ ಪ್ರಶ್ನೆ. ಅಪ್ಪ ಬೈಯಲಿಲ್ಲ. ಕುರಿಗಳ ಕಡೆ ನೋಡುತ್ತ ಮೆಲ್ಲಗೆ ಅಂದ:

"ಆಡು ಆರಾಮ ಅದಾವವ್ವಾ. ನೀ ಹೆಂಗದೀ?"