ಲಂಡನ್ನಿಗೆ ಹಿಡಿದ ಹೊಲಿಗೆ ದಾರ

ಬೀದರಿನ ಶಾಲೆಯಲ್ಲಿ ಇಪ್ಪತ್ತು ವರ್ಷ ಭೂಗೋಳ ಕಲಿಸಿದವನ ಮನೆಯಲ್ಲಿ ವಿಮಾನದ ವೇಳೆಯನ್ನು ಯಾರು ಹೇಳಬೇಕು? ನಾನೇ ಹೇಳಬೇಕು. ಹೇಳಿದೆ. ಕೆಟ್ಟೆ!

ನನ್ನ ಹೆಂಡತಿ ಗ್ರೇಸಳ ತಮ್ಮ ಡೇವಿಡ್ ಲಂಡನ್ನಿನಲ್ಲಿ ನರ್ಸ್. ವಿಮಾನ ಇಳಿದ ದಿನವೇ ಭಾಲ್ಕಿಯಲ್ಲಿ ಕನ್ಯೆ ನೋಡುವವನಿದ್ದ. ಕನ್ಯೆಯ ತಂದೆ ಸ್ಯಾಮಸನ್ನರು ಮೊದಲೇ ಎಚ್ಚರಿಸಿದ್ದರು: "ಸಂಜಿ ನಾಕಕ್ಕ ಬರ್ರಿ. ಜೊತಿಗಿ ಹಿರಿಯರು ಇರಬೇಕ್ರಿ. ತಡಾ ಆದ್ರ ಈ ಮಾತು ಇಲ್ಲಿಗೇ ಬಿಡೂಣು."

ಹಿರಿಯನೆಂದರೆ ನಾನು. ಹೈದರಾಬಾದಿನಿಂದ ವರನನ್ನು ಕಾರಿನಲ್ಲಿ ತರುವ ಹೊಣೆಯೂ ನನ್ನದೇ. ಈ ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಗ್ರೇಸ್ ನನ್ನನ್ನು ಉಳಿಸುವುದಿಲ್ಲವೆಂದು ನನಗೆ ನಿಜವಾಗಿ ಹೆದರಿಕೆಯಿತ್ತು.

ಟಿಕೆಟ್ಟಿನ ಪ್ರಕಾರ ವಿಮಾನ ಲಂಡನ್ ಬಿಡುವುದು ಮಧ್ಯಾಹ್ನ ಎರಡಕ್ಕೆ, ಹೈದರಾಬಾದ್ ಮುಟ್ಟುವುದು ಬೆಳಗಿನ ಐದಕ್ಕೆ.

"ಐದಕ್ಕ ಮುಟ್ತದಂತ ಬರ್ದದಲ್ರೀ, ಮುಗೀತು" ಎಂದಳು ಗ್ರೇಸ್.

"ಅದು ಲಂಡನ್ ಟೈಮು! ನಮ್ಮ ಟೈಮು ಮಾಡಬೇಕು."

ಅವಳ ಹೊಲಿಗೆ ದಾರವನ್ನು ಗ್ಲೋಬಿನ ಮೇಲೆ ಹಿಡಿದು ಎರಡೂ ಊರುಗಳ ದೂರ ಅಳೆದೆ. ವಿಮಾನದ ವೇಗದಿಂದ ಭಾಗಿಸಿದೆ. ಒಂಬತ್ತೂವರೆ ತಾಸು ಬಂತು. ಆದರೆ ಎರಡರಿಂದ ಐದಕ್ಕೆ ಹದಿನೈದು ತಾಸು! ಬುದ್ಧಿಯಿದ್ದವನು ಇಲ್ಲಿ ನಿಲ್ಲುತ್ತಿದ್ದ. ನಾನು ನಿಲ್ಲಲಿಲ್ಲ.

"ಉಳಿದ ಐದೂವರಿ ತಾಸು ಎಲ್ಲಿ ಹೋದ್ವು?" ಎಂದು ಕೇಳಿದಳು.

"ನಡುವ ಎಲ್ಲರೆ ಚಹಾಕ್ಕ ನಿಲ್ಲಸ್ತಾರ. ಔರಾದ್ ಬಸ್ಸು ಠಾಣಾ ಕುಶನೂರದಾಗ ನಿಲ್ಲಂಗಿಲ್ಲೇನು?"

"ಐದೂವರಿ ತಾಸು ಚಹಾ ಕುಡೀತಾರೇನ್ರೀ?"

"ವಿಮಾನ ದೊಡ್ಡದು. ಮಂದಿ ಭಾಳ."

ಟಿಕೆಟ್ಟಿನ ಐದಕ್ಕೆ, ನಮ್ಮ ಗಡಿಯಾರ ಲಂಡನ್ನಿಗಿಂತ ಮುಂದಿರುವ ಐದೂವರೆ ತಾಸು ಕೂಡಿಸಿ, ವಿಮಾನ ಇಳಿಯುವುದು ಹತ್ತೂವರೆಗೆ ಎಂದು ತೀರ್ಪು ಕೊಟ್ಟೆ. ಗ್ರೇಸ್ ಹಣೆ ಬಡಿದುಕೊಂಡು ಹಿಂದಿನ ದಿನವೇ ಭಾಲ್ಕಿಗೆ ಹೋದಳು.

ಮರುದಿನ ಬೆಳಿಗ್ಗೆ ಕಾರು ಹತ್ತುವಾಗ ಗುರುತಿಲ್ಲದ ನಂಬರಿನಿಂದ ಮೂರು ಸಲ ಫೋನು ಬಂತು. ಸಾಲ ಬೇಕೇ ಎಂದು ಕೇಳುವವರಿರಬೇಕೆಂದು ಮೂರು ಸಲವೂ ಕಟ್ ಮಾಡಿದೆ.

ಹತ್ತೂವರೆಗೆ ಸರಿಯಾಗಿ ಗುಲಾಬಿ ಹಾರ ಹಿಡಿದು ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತೆ. ಜಗತ್ತೇ ಹೊರಗೆ ಬಂತು, ಡೇವಿಡ್ ಬರಲಿಲ್ಲ. ಯಾರೋ ದಪ್ಪ ವಿದೇಶಿ ಹಾರ ತನಗೇ ಎಂದುಕೊಂಡು ಕತ್ತು ಬಗ್ಗಿಸಿದ! ಹಾಕದೆ ವಿಧಿಯಿರಲಿಲ್ಲ. ಹಾರವೂ ಹೋಯಿತು.

ಹನ್ನೆರಡೂವರೆಗೆ ಸ್ಯಾಮಸನ್ನರ ಫೋನು.

"ನಿಮ್ಮ ಹುಡುಗ ಬಂದು ಉಪ್ಪಿಟ್ಟು ತಿಂದಾನ್ರಿ. ಹಿರಿಯರು ಎಲ್ಲಿದ್ದೀರಿ?"

"ಹೈದರಾಬಾದದಾಗ್ರಿ... ಹುಡುಗನ ದಾರಿ ನೋಡಕೋತ ನಿಂತೀನ್ರಿ."

ಆ ಕಡೆ ಫೋನು ಕೈ ಬದಲಾಯಿತು. ಆಮೇಲೆ ಗ್ರೇಸಳ ದನಿ: "ಟಿಕೆಟ್ಟಿನ್ಯಾಗ ಇದ್ದದ್ದು ನಮ್ಮ ಟೈಮೇ, ಐದಕ್ಕೇ ಇಳಿದಾನ! ಅವನ ಫೋನು ಇಲ್ಲಿ ನಡೀಲಿಲ್ಲಂತ. ಯಾರದೋ ಫೋನಿಲಿಂದ ನಿಮಗ ಮೂರು ಸಲ ಹಚ್ಚಿದನಂತ! ಕಡೀಗಿ ಬಸ್ಸು ಹಿಡಿದು ಬಂದಾನ."

ನಾನು ಭಾಲ್ಕಿ ಮುಟ್ಟಿದಾಗ ಐದಾಗಿತ್ತು. ತಡವಾಯಿತು, ಸಂಬಂಧ ಮುರಿಯಿತು ಎಂದುಕೊಳ್ಳುತ್ತಲೇ ಒಳಗೆ ಕಾಲಿಟ್ಟೆ. ಎಲ್ಲರೂ ಸಕ್ಕರೆ ಹಂಚುತ್ತಿದ್ದರು!

"ಹುಡುಗ ಒಬ್ಬನೇ ಬಸ್ಸು ಹುಡುಕಿ ನಾಕು ತಾಸು ಮೊದಲೇ ಬಂದಾನ್ರಿ" ಎಂದರು ಸ್ಯಾಮಸನ್ನರು ಹೆಮ್ಮೆಯಿಂದ. "ಇಂಥವನಿಗಿ ಹಿರಿಯರು ಯಾಕ ಬೇಕ್ರಿ?"

ನಾನು ಸಕ್ಕರೆ ಬಾಯಿಗೆ ಹಾಕಿಕೊಂಡೆ. ಹೊರಡುವಾಗ ಅವರು ಬಾಗಿಲವರೆಗೆ ಬಂದು, ಎಲ್ಲರಿಗೂ ಕೈ ಮುಗಿದು, ನನ್ನನ್ನು ಮಾತ್ರ ಪಕ್ಕಕ್ಕೆ ಕರೆದರು.

"ಸರ್, ನಿಶ್ಚಯ ಬರೋ ಶನಿವಾರ ಹತ್ತಕ್ಕರಿ. ಅದು ಭಾಲ್ಕಿ ಟೈಮೇ ಅದ. ಏನೂ ಕೂಡಿಸಬ್ಯಾಡ್ರಿ."